ಅಶ್ವಹೃದಯ, ಅಕ್ಷಹೃದಯ: ಬಾಜಿಯ ಲೆಕ್ಕಯಂತ್ರ ಎತ್ತುವ ಧರ್ಮಪ್ರಶ್ನೆ

ಜೂಜಿನ ವಿಷಯದಲ್ಲಿ ನಮ್ಮ ಧರ್ಮವಿಚಾರ ಬಹುಕಾಲ ಮೋಸದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಡೆದಿದೆ. ಹಸ್ತಿನಾವತಿಯ ಸಭೆಯಲ್ಲಿ ಉರುಳಿದ ದಾಳಗಳು ಶಕುನಿಯ ಕಪಟಕ್ಕೆ ಒಳಗಾಗಿದ್ದವು ಎಂಬ ಕಾರಣಕ್ಕೇ ಧರ್ಮರಾಯನ ಸೋಲು ಕೇಳುವವರಿಗೆ ಅನ್ಯಾಯವೆಂದು ತೋರುತ್ತದೆ. ಆಟ ಶುದ್ಧವಾಗಿದ್ದಿದ್ದರೆ ಆ ಸೋಲು ಒಪ್ಪತಕ್ಕದ್ದಾಗುತ್ತಿತ್ತೇ ಎಂಬ ಇನ್ನೊಂದು ಪ್ರಶ್ನೆ ದ್ರೌಪದಿಯ ಸಂಕಟದ ನಡುವೆ ಮರೆಯಾಗಿಬಿಡುತ್ತದೆ. ಕಪಟವೇ ಇಲ್ಲದ ಜೂಜು, ಅಂದರೆ ಒಡ್ಡಿದ ಪ್ರತಿ ಕಾಸೂ ತಪ್ಪಿಲ್ಲದೆ ದಾಖಲಾಗಿ, ಗೆದ್ದವನ ಪಾಲು ಪೈಸೆ ಪೈಸೆ ಲೆಕ್ಕದಲ್ಲಿ ಅವನ ಕೈ ಸೇರುವ ಜೂಜು, ಹಿಂದಿನವರಿಗೆ ಬಹುಮಟ್ಟಿಗೆ ಊಹೆಯ ಮಾತಾಗಿತ್ತು. 20ನೆಯ ಶತಮಾನದಲ್ಲಿ ಯಂತ್ರವೊಂದು ಆ ಊಹೆಯನ್ನು ಕಣ್ಣಿಗೆ ಕಾಣುವ ವಸ್ತುವನ್ನಾಗಿ ಮಾಡಿತು. ಅದರ ಹೆಸರು ಟೋಟಲೈಜೇಟರ್. ಬೆಂಗಳೂರಿನ ರೇಸ್‌ಕೋರ್ಸಿಗೆ ಹೋಗುವವರ ಬಾಯಲ್ಲಿ ಅದು ಬರೀ ಟೋಟ್. ಲೆಕ್ಕ ಸರಿಯಾಗಿದ್ದರೆ ಗಳಿಕೆಯೂ ಸರಿಯೇ ಎಂಬ ಪ್ರಶ್ನೆಯನ್ನು ಈ ಯಂತ್ರದ ಮುಂದೆ ನಿಂತು ಕೇಳಿದಾಗ, ಹಳೆಯ ಕಥೆಗಳೂ ಶಾಸ್ತ್ರವಾಕ್ಯಗಳೂ ಹೊಸದೊಂದು ಸ್ಪಷ್ಟತೆಯಿಂದ ಮಾತನಾಡತೊಡಗುತ್ತವೆ.

ಯಂತ್ರದ ಕೆಲಸ

ಕುದುರೆ ರೇಸಿನಲ್ಲಿ ಬಾಜಿ ಕಟ್ಟಲು ಎರಡು ದಾರಿಗಳಿವೆ. ಮೊದಲನೆಯದು ಬುಕ್ಕಿಯ ದಾರಿ: ಬುಕ್ಕಿ ತಾನೇ ಒಂದು ದರ ಕೂಗುತ್ತಾನೆ, ಕಟ್ಟಿದವನು ಗೆದ್ದರೆ ತನ್ನ ಗಂಟಿನಿಂದ ಕೊಡುತ್ತಾನೆ, ಸೋತರೆ ತಾನು ಇಟ್ಟುಕೊಳ್ಳುತ್ತಾನೆ, ಹೀಗಾಗಿ ಇಲ್ಲಿ ಕಟ್ಟುವವನ ಎದುರಾಳಿ ಯಾರೆಂಬುದು ಸ್ಪಷ್ಟ. ಎರಡನೆಯದು 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೋಸೆಫ್ ಒಲ್ಲೆರ್ ರೂಪಿಸಿದ ಪೂಲ್ ಪದ್ಧತಿ: ಎಲ್ಲರೂ ಕಟ್ಟಿದ ಹಣ ಒಂದೇ ಗಂಟಿಗೆ ಸೇರುತ್ತದೆ, ನಡೆಸುವವರ ಪಾಲನ್ನು ಮೊದಲೇ ಕಳೆಯಲಾಗುತ್ತದೆ, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರು ತಮ್ಮ ತಮ್ಮ ಪಣದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಒಂದು ರೇಸಿನಲ್ಲಿ ಒಟ್ಟು 1,00,000 ರೂಪಾಯಿ ಬಿದ್ದು, ತೆರಿಗೆ ಮತ್ತು ಕಮಿಷನ್ ಎಂದು ಉದಾಹರಣೆಗೆ ನೂರಕ್ಕೆ 20 ಕಳೆದರೆ 80,000 ಉಳಿಯುತ್ತದೆ. ಗೆದ್ದ ಕುದುರೆಯ ಮೇಲೆ 20,000 ಮಾತ್ರ ಬಿದ್ದಿದ್ದರೆ, 10 ರೂಪಾಯಿ ಟಿಕೆಟ್ಟಿಗೆ 40 ರೂಪಾಯಿ ಡಿವಿಡೆಂಡ್, ಅಂದರೆ ಗೆಲುವಿನ ಪಾಲು, ಬರುತ್ತದೆ. ಇಲ್ಲಿ ದರವನ್ನು ಕೂಗುವವರು ಯಾರೂ ಇಲ್ಲ. ಜನ ಹಣ ಹಾಕುತ್ತ ಹೋದಂತೆ ದರ ತಾನಾಗಿ ಹುಟ್ಟುತ್ತದೆ.

ಈ ಸರಳ ಲೆಕ್ಕವನ್ನು ಕೈಯಿಂದ ಮಾಡುವುದರಲ್ಲಿ ದೊಡ್ಡ ತೊಡಕಿತ್ತು. ಹತ್ತಾರು ಕಿಟಕಿಗಳಲ್ಲಿ ಏಕಕಾಲಕ್ಕೆ ಟಿಕೆಟ್ ಮಾರಾಟವಾಗುತ್ತಿರುವಾಗ, ಕುದುರೆಗಳು ಓಟಕ್ಕೆ ಹೊರಡುವ ಮೊದಲೇ ಪ್ರತಿಯೊಂದರ ಮೇಲೆ ಎಷ್ಟು ಬಿದ್ದಿದೆ ಎಂದು ಕೂಡಿ ಹೇಳಲು ಗುಮಾಸ್ತರಿಗೆ ಸಾಧ್ಯವಿರಲಿಲ್ಲ, ಮತ್ತು ಆ ಅವಸರದ ಎಡೆಯಲ್ಲಿ ಓಟ ಮುಗಿದ ಮೇಲೂ ಟಿಕೆಟ್ ಸೇರಿಸುವ ಮೋಸಕ್ಕೆ ಅವಕಾಶವಿತ್ತು. ಇದಕ್ಕೆ ಉತ್ತರ ಕೊಟ್ಟವನು ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಎಂಜಿನಿಯರ್ ಜಾರ್ಜ್ ಜೂಲಿಯಸ್. ಆತನ ತಂದೆ ಚರ್ಚಿಲ್ ಜೂಲಿಯಸ್ ನ್ಯೂಜಿಲೆಂಡಿನ ಬಿಷಪ್, ಮುಂದೆ ಆ ದೇಶದ ಮೊದಲ ಆರ್ಚ್‌ಬಿಷಪ್ ಆದ ಧರ್ಮಗುರು. ಮಗನು ಮೊದಲು ರೂಪಿಸಿದ್ದು ಚುನಾವಣೆಯ ಮತ ಎಣಿಸುವ ಯಂತ್ರವನ್ನು. ಸರ್ಕಾರ ಅದನ್ನು ಒಪ್ಪದೆ ಹೋದಾಗ ಅದೇ ಕಲ್ಪನೆಯನ್ನು ರೇಸಿನ ಬಾಜಿ ಎಣಿಸಲು ತಿರುಗಿಸಿಕೊಂಡನು. 1913ರಲ್ಲಿ ಆಕ್ಲೆಂಡಿನ ಎಲ್ಲರ್ಸ್‌ಲೀ ರೇಸ್‌ಕೋರ್ಸಿನಲ್ಲಿ ಅವನ ಮೊದಲ ಯಂತ್ರ ಕೆಲಸಕ್ಕೆ ನಿಂತಿತು.

ಜೂಲಿಯಸ್ ಬಿಡಿಸಿದ ಮುಖ್ಯ ಕಗ್ಗಂಟು ಏಕಕಾಲಿಕತೆಯದು. ಕಿಟಕಿಯ ಗುಮಾಸ್ತನು ಹಿಡಿಕೆಯನ್ನು ಒಂದು ಕುದುರೆಯ ಸಂಖ್ಯೆಗೆ ತಿರುಗಿಸಿ ಒತ್ತಿದಾಗ ಎರಡು ಕೆಲಸಗಳು ಒಟ್ಟಿಗೇ ಆಗುತ್ತಿದ್ದವು: ಟಿಕೆಟ್ ಅಚ್ಚಾಗಿ ಹೊರಬರುತ್ತಿತ್ತು, ಆ ಕುದುರೆಯ ಎಣಿಕೆಚಕ್ರಕ್ಕೂ ಒಟ್ಟು ಮೊತ್ತದ ಚಕ್ರಕ್ಕೂ ಒಂದೊಂದು ಹೆಜ್ಜೆಯ ಚಲನೆ ಹೋಗುತ್ತಿತ್ತು. ದಾಖಲಾಗದೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದೆ ದಾಖಲೆ ಇಲ್ಲ. ಒಂದೇ ಕ್ಷಣದಲ್ಲಿ ಹಲವು ಕಿಟಕಿಗಳಿಂದ ಚಲನೆ ಬಂದರೂ ಯಾವುದೊಂದೂ ಕಳೆದುಹೋಗದಂತೆ, ಒಂದರ ಮೇಲೊಂದು ಹೊಂದಿಸಿದ ಹಲ್ಲುಗಾಲಿಗಳು ಅವೆಲ್ಲವನ್ನೂ ಕೂಡಿ ಒಂದೇ ದಂಡಕ್ಕೆ ದಾಟಿಸುತ್ತಿದ್ದವು. ಬಹಳ ಜನ ಒಂದೇ ಹೊತ್ತಿನಲ್ಲಿ ಬಳಸುವ, ಆಗಿಂದಾಗಲೇ ಉತ್ತರ ಹೇಳುವ ಲೆಕ್ಕವ್ಯವಸ್ಥೆ ಎಂದು ಇಂದು ಬ್ಯಾಂಕು, ರೈಲ್ವೆ ಟಿಕೆಟ್ಟುಗಳಲ್ಲಿ ಕಾಣುವುದರ ಹಿರಿಯಜ್ಜ ಈ ಯಂತ್ರ.

ಎಲೆಕ್ಟ್ರಾನಿಕ್ ಕಂಪ್ಯೂಟರಿನ ಹುಟ್ಟಿಗೂ ರೇಸಿನ ಹಣಕ್ಕೂ ನೇರ ನಂಟಿದೆ. ಎಕರ್ಟ್ ಮತ್ತು ಮೌಕ್ಲಿ ಎಂಬ ಅಮೆರಿಕದ ತಜ್ಞರು ಯೂನಿವ್ಯಾಕ್ ಕಂಪ್ಯೂಟರನ್ನು ಕಟ್ಟುತ್ತ ಹಣವಿಲ್ಲದೆ ಕಂಗೆಟ್ಟಿದ್ದಾಗ, 1948ರಲ್ಲಿ ಅವರ ಸಂಸ್ಥೆಯಲ್ಲಿ ಸುಮಾರು 5 ಲಕ್ಷ ಡಾಲರ್ ತೊಡಗಿಸಿದ್ದು ಅಮೆರಿಕನ್ ಟೋಟಲೈಜೇಟರ್ ಕಂಪನಿ; ಅದರ ಮುಖ್ಯಸ್ಥ ಹ್ಯಾರಿ ಸ್ಟ್ರಾಸ್ 1949ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಬಳಿಕ ಆ ಆಸರೆ ತಪ್ಪಿ ಸಂಸ್ಥೆಯೇ ಬೇರೆಯವರಿಗೆ ಮಾರಾಟವಾಯಿತು. ಕಂಪ್ಯೂಟರಿನ ಅಗತ್ಯವನ್ನು ಬಾಜಿಯ ಬಗೆಗಳೇ ಹೆಚ್ಚಿಸಿದವು. ಒಂದು ಕುದುರೆ ಗೆಲ್ಲುತ್ತದೆ ಎಂಬ ಬಾಜಿಗೆ 12 ಕುದುರೆಗಳಿದ್ದರೆ 12 ಎಣಿಕೆಚಕ್ರ ಸಾಕು. ಮೊದಲ ಎರಡು ಸ್ಥಾನಗಳನ್ನು ಕ್ರಮವಾಗಿ ಹೇಳುವ ಫೋರ್‌ಕಾಸ್ಟಿಗೆ 132 ಜೋಡಿಗಳು. ಮೊದಲ ಮೂರನ್ನು ಕ್ರಮವಾಗಿ ಹೇಳುವ, ಭಾರತದ ರೇಸುಗಳಲ್ಲಿ ಟಾನಾಲ ಎಂದು ಕರೆಯುವ ಬಾಜಿಗೆ 1,320 ಸಂಯೋಜನೆಗಳು. ತಲಾ 10 ಕುದುರೆಗಳಿರುವ 5 ರೇಸುಗಳ ಗೆಲುವನ್ನೂ ಒಟ್ಟಿಗೆ ಊಹಿಸುವ ಜಾಕ್‌ಪಾಟಿಗೆ ಸಂಯೋಜನೆಗಳು 1,00,000. ಲಾಟರಿಗೆ ತೀರ ಹತ್ತಿರದ ಈ ಬಾಜಿಗೆ ಅಷ್ಟು ಹಲ್ಲುಗಾಲಿಗಳನ್ನು ಕಟ್ಟುವುದು ಆಗದ ಮಾತಾದ್ದರಿಂದ, ಪ್ರತಿ ಟಿಕೆಟ್ಟನ್ನೂ ನೆನಪಿನಲ್ಲಿಟ್ಟು ಫಲಿತಾಂಶದೊಡನೆ ಹೋಲಿಸಬಲ್ಲ ಕಂಪ್ಯೂಟರು ಅನಿವಾರ್ಯವಾಯಿತು. ಚಕ್ರ ಎಣಿಸುತ್ತಿತ್ತು, ಕಂಪ್ಯೂಟರು ನೆನಪಿಟ್ಟುಕೊಂಡಿತು. ಆ ನೆನಪಿನ ಸ್ವರೂಪವೇನೆಂಬುದು ಮುಂದಿನ ಚರ್ಚೆಗೆ ಮುಖ್ಯ.

ದಂಡಿನ ಪ್ರದೇಶದಲ್ಲಿ

ಬೆಂಗಳೂರಿಗೆ ರೇಸಿನ ಗೀಳು ದಂಡಿನೊಡನೆ ಬಂದಿತು. ದಂಡು ಎಂದು ಜನ ಇಂದಿಗೂ ಕರೆಯುವ ಕಂಟೋನ್ಮೆಂಟ್ 1809ರಲ್ಲಿ ಸ್ಥಾಪನೆಯಾಗಿ, ಹಲಸೂರಿನ ಸುತ್ತ ಸೇನಾನೆಲೆಗಳೂ ಶಿವಾಜಿನಗರದ ಸುತ್ತ ವ್ಯಾಪಾರಿಗಳೂ ಕೆಲಸಗಾರರೂ ನೆಲೆಸಿದರು. ಇಂದಿನ ಕಾಮರಾಜ ರಸ್ತೆಯ ಹಳೆಯ ಹೆಸರಾದ ಕ್ಯಾವಲ್ರಿ ರಸ್ತೆ ಅಶ್ವದಳದ ನೆನಪನ್ನು ಬಹುಕಾಲ ಹೊತ್ತಿತ್ತು. ಪೇಟೆಗೂ ದಂಡಿಗೂ ನಡುವಿನ ಎತ್ತರದ ನೆಲದಲ್ಲಿರುವ ರೇಸ್‌ಕೋರ್ಸ್ 1921ರಿಂದ ನಡೆದುಬಂದಿದೆ. ಮೈಸೂರು ಸಂಸ್ಥಾನ 1932ರಲ್ಲಿ ಬಾಜಿ ತೆರಿಗೆಯ ಕಾಯಿದೆಯನ್ನೂ, ಸ್ವಾತಂತ್ರ್ಯದ ನಂತರದ ಮೈಸೂರು ರಾಜ್ಯ 1952ರಲ್ಲಿ ರೇಸ್‌ಕೋರ್ಸುಗಳ ಲೈಸೆನ್ಸ್ ಕಾಯಿದೆಯನ್ನೂ ಮಾಡಿದ್ದರಿಂದ ಬಾಜಿಯ ಲೆಕ್ಕ ಸರ್ಕಾರದ ಲೆಕ್ಕವೂ ಆಯಿತು.

ದಂಡಿನ ಪೂರ್ವದ ಅಂಚಿನಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಅಲ್ಲಿ ತಯಾರಾದ ಸ್ಟ್ರೌಜರ್ ಮಾದರಿಯ ದೂರವಾಣಿ ವಿನಿಮಯ ಯಂತ್ರಗಳಲ್ಲಿ ಡಯಲಿನ ಪ್ರತಿ ತುಡಿತಕ್ಕೂ ಒಂದು ಲೋಹದ ತೋಳು ಒಂದು ಹೆಜ್ಜೆ ಏರುತ್ತಿತ್ತು ಅಥವಾ ಹೊರಳುತ್ತಿತ್ತು. ವಿದ್ಯುತ್ತಿನ ತುಡಿತವನ್ನು ಹೆಜ್ಜೆಯನ್ನಾಗಿ, ಹೆಜ್ಜೆಯನ್ನು ಸಂಖ್ಯೆಯನ್ನಾಗಿ ಮಾಡುವ ಈ ತತ್ವವೇ ಹಳೆಯ ಟೋಟಿನದೂ ಆಗಿತ್ತು. ಒಂದೇ ಬಗೆಯ ರಿಲೇ, ಒಂದೇ ಬಗೆಯ ಟಕಟಕ ಸದ್ದು. ಒಂದು ಕಡೆ ಅದು ದೂರದ ಊರಿನ ಮಗನನ್ನು ತಾಯಿಯೊಡನೆ ಮಾತನಾಡಿಸುತ್ತಿತ್ತು, ಇನ್ನೊಂದು ಕಡೆ ಪಣವನ್ನು ಕೂಡುತ್ತಿತ್ತು. ಎಣಿಕೆಯ ವಿದ್ಯೆಗೆ ತನ್ನದೇ ಆದ ಪಾಪಪುಣ್ಯವಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ, ಮತ್ತು ಆ ವಾದ ಅದರ ಮಟ್ಟಿಗೆ ನಿಜವೂ ಹೌದು. ಆದರೆ ಯಂತ್ರ ನಿರ್ದೋಷಿ ಎಂಬುದರಿಂದ ಅದು ಎಣಿಸುವ ವ್ಯವಹಾರವೂ ನಿರ್ದೋಷಿ ಎಂದು ಸಿದ್ಧವಾಗುವುದಿಲ್ಲ.

ಸಭಿಕನ ಪಾಲು

ಧರ್ಮಶಾಸ್ತ್ರಕಾರರು ಜೂಜನ್ನು ಎರಡಾಗಿ ವಿಂಗಡಿಸಿದ್ದಾರೆ. ದಾಳದಂಥ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಟಗರು, ಹುಂಜ ಮೊದಲಾದ ಪ್ರಾಣಿಗಳ ಮೇಲೆ ಪಣ ಒಡ್ಡುವುದು ಸಮಾಹ್ವಯ. ಕುದುರೆ ರೇಸಿನ ಬಾಜಿ ಈ ಎರಡನೆಯ ಬಗೆಗೆ ಸೇರುತ್ತದೆ. ಮನು ಎರಡನ್ನೂ ರಾಜನು ತನ್ನ ರಾಜ್ಯದಿಂದ ತೊಲಗಿಸಬೇಕೆಂದು ವಿಧಿಸಿದರೆ, ಯಾಜ್ಞವಲ್ಕ್ಯಸ್ಮೃತಿ ಜೂಜಿನ ಮನೆಯನ್ನು ರಾಜನ ಕಣ್ಣಳತೆಯಲ್ಲಿ ನಡೆಯಗೊಡುತ್ತದೆ ಮತ್ತು ಅದನ್ನು ನಡೆಸುವ ಸಭಿಕನೆಂಬವನಿಗೆ ದೊಡ್ಡ ಪಣಗಳಲ್ಲಿ ನೂರಕ್ಕೆ 5, ಸಣ್ಣ ಪಣಗಳಲ್ಲಿ ನೂರಕ್ಕೆ 10 ಪಾಲನ್ನು ಗೊತ್ತುಮಾಡುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹಾಗಾಗಿ ಸಭಿಕನ ಪಾಲಿನ ಶಾಸ್ತ್ರಚರ್ಚೆ ಕನ್ನಡ ನೆಲಕ್ಕೆ ಹೊರಗಿನದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಶುದ್ಧವಾದ ದಾಳಗಳನ್ನೇ ಬಾಡಿಗೆಗೆ ಕೊಡಬೇಕೆಂದೂ, ಕಪಟ ದಾಳಕ್ಕೆ ದಂಡವೆಂದೂ, ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲೆಂದೂ ಹೇಳುತ್ತದೆ.

ಟೋಟ್ ಈ ಕೌಟಿಲ್ಯನ ಕನಸಿನ ಪೂರ್ಣರೂಪ. ದಾಳದ ಶುದ್ಧಿಯನ್ನು ಕಾಯುವ ಅಧಿಕಾರಿಯ ಕೆಲಸವನ್ನು ಇಲ್ಲಿ ಯಂತ್ರವೇ ಮಾಡುತ್ತದೆ, ಸಭಿಕನ ಪಾಲು ಯಾರ ಕಣ್ಣಿಗೂ ಮಣ್ಣೆರಚದೆ ಮೊದಲೇ ಕಳೆಯಲ್ಪಡುತ್ತದೆ. ಆದರೆ ಈ ಪಾರದರ್ಶಕತೆಯಿಂದಲೇ ಒಂದು ಸತ್ಯ ಬಯಲಾಗುತ್ತದೆ. ಬುಕ್ಕಿಯೊಡನೆ ಆಡುವವನಿಗೆ ತಾನು ಒಬ್ಬ ಚತುರ ಎದುರಾಳಿಯನ್ನು ಗೆಲ್ಲಬಹುದೆಂಬ ಭಾವವಿರುತ್ತದೆ. ಟೋಟಿನಲ್ಲಿ ಎದುರಾಳಿ ಯಾರೆಂದರೆ ಪಕ್ಕದಲ್ಲಿ ಸಾಲು ನಿಂತಿರುವ ಮನುಷ್ಯ. ಗೆದ್ದವನ ಕೈಗೆ ಬರುವ 40 ರೂಪಾಯಿಯಲ್ಲಿ ರೇಸ್ ನಡೆಸುವ ಕ್ಲಬ್ಬಿನದು ಒಂದು ಕಾಸೂ ಇಲ್ಲ. ಅದರಲ್ಲಿ ಅವನದೇ 10 ರೂಪಾಯಿಯನ್ನು ಬಿಟ್ಟರೆ ಉಳಿದದ್ದೆಲ್ಲ ಸೋತವರ ಜೇಬಿನದು. ಎಲ್ಲರ ಗೆಲುವನ್ನೂ ಎಲ್ಲರ ಸೋಲನ್ನೂ ಕೂಡಿದರೆ ಉಳಿಯುವುದು ಸಭಿಕನ ಪಾಲಿನಷ್ಟು ನಷ್ಟವೇ ಹೊರತು ಬೇರೇನಲ್ಲ.

ಈ ನಷ್ಟದ ನಡೆಯನ್ನು ಹತ್ತಿರದಿಂದ ನೋಡಬೇಕು. ಬಾಜಿ ಕಟ್ಟುವ ಒಂದು ಸಮೂಹವನ್ನು ಒಬ್ಬನೇ ಮನುಷ್ಯನೆಂದು ಭಾವಿಸಿ, ಆತ 100 ರೂಪಾಯಿಯಿಂದ ಹೊರಟು ಬಂದದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾನೆ ಎಂದುಕೊಂಡರೆ, ನೂರಕ್ಕೆ 20ರ ಕಡಿತದಲ್ಲಿ ಮೊದಲ ರೇಸಿನ ನಂತರ ಅವನಲ್ಲಿ 80, ಎರಡನೆಯದರ ನಂತರ 64, ಮೂರನೆಯದರ ನಂತರ ಸುಮಾರು 51, ಐದನೆಯದರ ನಂತರ ಸುಮಾರು 33, ಎಂಟನೆಯದರ ನಂತರ 17ಕ್ಕಿಂತ ಕಡಿಮೆ ರೂಪಾಯಿ ಉಳಿಯುತ್ತದೆ. ಯಾವ ಕುದುರೆ ಗೆದ್ದರೂ, ಯಾವ ಜಾಕಿ ಬಿದ್ದರೂ, ಮಳೆ ಬಂದು ಓಟದ ನೆಲ ಕೆಸರಾದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಒಬ್ಬೊಬ್ಬನಿಗೆ ಅದೃಷ್ಟವಾಗಿ ಕಾಣುವುದು ಸಮೂಹಕ್ಕೆ ನಿಶ್ಚಯ. ಹಿಂದಿನ ಜೂಜಿನಲ್ಲಿ ಈ ನಿಶ್ಚಯ ಮೋಸದ ದೂರು, ಬುಕ್ಕಿಯ ಬಗೆಗಿನ ಅನುಮಾನ, ಕೆಟ್ಟ ಗಳಿಗೆಯ ನೆಪಗಳ ಹಿಂದೆ ಮರೆಯಾಗಿರುತ್ತಿತ್ತು; ನಿಷ್ಠೆಯ ಯಂತ್ರ ಆ ನೆಪಗಳನ್ನೆಲ್ಲ ಕಿತ್ತುಹಾಕಿತು.

ತಾರೆಮರದ ಕೆಳಗೆ

ಕುದುರೆ, ಜೂಜು ಮತ್ತು ಎಣಿಕೆ ಮೂರೂ ಒಂದೆಡೆ ಕೂಡುವ ಕಥೆ ಮಹಾಭಾರತದ ನಳೋಪಾಖ್ಯಾನ. ಕನಕದಾಸರ ನಳಚರಿತ್ರೆಯಿಂದಾಗಿ ಕನ್ನಡಿಗರಿಗೆ ನಳನ ಕಥೆ ಮನೆಮಾತು. ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿರುತ್ತಾನೆ. ಆತನಿಗೆ ಅಶ್ವಹೃದಯ, ಅಂದರೆ ಕುದುರೆಗಳ ಒಳಮರ್ಮವನ್ನು ಬಲ್ಲ ವಿದ್ಯೆ, ಕರಗತ. ಋತುಪರ್ಣನಿಗೆ ಅಕ್ಷಹೃದಯ, ಅಂದರೆ ದಾಳದ ಮತ್ತು ಎಣಿಕೆಯ ಒಳಮರ್ಮ, ತಿಳಿದಿದೆ. ನಳನ ಹೆಂಡತಿ ದಮಯಂತಿಯ ಮರುಸ್ವಯಂವರದ ಸುದ್ದಿ ಕೇಳಿ ವಿದರ್ಭಕ್ಕೆ ಧಾವಿಸುವ ದಾರಿಯಲ್ಲಿ, ವಿಭೀತಕ ಎಂದು ಸಂಸ್ಕೃತದಲ್ಲಿಯೂ ತಾರೆ ಎಂದು ಕನ್ನಡದಲ್ಲಿಯೂ ಕರೆಯುವ ಮರವೊಂದನ್ನು ಕಂಡು, ಅದರ ಎರಡು ಕೊಂಬೆಗಳಲ್ಲಿ 5 ಕೋಟಿ ಎಲೆಗಳೂ 2,095 ಕಾಯಿಗಳೂ ಇವೆ ಎಂದು ಋತುಪರ್ಣ ಹೇಳುತ್ತಾನೆ. ಪ್ರಾಚೀನ ಭಾರತದಲ್ಲಿ ದಾಳವಾಗಿ ಬಳಕೆಯಾಗುತ್ತಿದ್ದದ್ದು ಈ ತಾರೆಕಾಯಿಯೇ ಎಂಬುದನ್ನು ನೆನೆದರೆ, ಎಣಿಕೆಗೆ ಈ ಮರವನ್ನೇ ಆರಿಸಿದ ಕವಿಯ ಉದ್ದೇಶ ತಿಳಿಯುತ್ತದೆ. ನಳನು ಒಂದು ವಿದ್ಯೆಗೆ ಇನ್ನೊಂದನ್ನು ವಿನಿಮಯ ಮಾಡಿಕೊಂಡು ಅಕ್ಷಹೃದಯವನ್ನು ಪಡೆದ ಕ್ಷಣದಲ್ಲೇ, ಅವನ ದೇಹದಲ್ಲಿ ಅಡಗಿದ್ದ ಕಲಿಪುರುಷ ಹೊರಬಿದ್ದು ಆ ತಾರೆಮರವನ್ನು ಹೊಗುತ್ತಾನೆ.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ, ನಳನು ಅಶ್ವಹೃದಯವನ್ನು ಮೊದಲಿನಿಂದಲೂ ಬಲ್ಲವನಾಗಿದ್ದನು ಎಂಬುದು. ಕುದುರೆಯನ್ನು ಅಷ್ಟು ಬಲ್ಲವನೂ ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡನು. ಅವನನ್ನು ಬಿಡಿಸಿದ್ದು ಎಣಿಕೆಯ ಅರಿವು. ಇಂದಿನ ರೇಸ್‌ಕೋರ್ಸಿನಲ್ಲಿ ಈ ಎರಡು ವಿದ್ಯೆಗಳು ಇಬ್ಬರಲ್ಲಿ ಹಂಚಿಹೋಗಿವೆ. ರೇಸ್ ಬುಕ್ಕನ್ನು, ಅಂದರೆ ಅಂದಿನ ಓಟಗಳ ವಿವರಪುಸ್ತಿಕೆಯನ್ನು, ಕೈಯಲ್ಲಿ ಹಿಡಿದು ಕುದುರೆಯ ವಂಶ, ಹೊತ್ತ ಭಾರ, ಜಾಕಿಯ ಹೆಸರು, ಹಿಂದಿನ ಓಟಗಳನ್ನು ಪರಿಶೀಲಿಸುವವನು ಅಶ್ವಹೃದಯದ ಸಾಧಕ. ಸುಪ್ರೀಂ ಕೋರ್ಟು 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸಿನ ಬಾಜಿ ಬಹುಮಟ್ಟಿಗೆ ಕೌಶಲದ ಆಟವೆಂದು ತೀರ್ಮಾನಿಸಿದ್ದು ಈ ಸಾಧನೆಯನ್ನು ಆಧರಿಸಿಯೇ, ಮತ್ತು ಆ ಕೌಶಲ ಸುಳ್ಳಲ್ಲ. ಅಕ್ಷಹೃದಯ ಮಾತ್ರ ಕಿಟಕಿಯ ಹಿಂದಿನ ಯಂತ್ರದಲ್ಲಿದೆ. ಸಾಲಿನಲ್ಲಿ ನಿಂತವನು ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತನಾಗಿದ್ದಾನೆ. ಎಣಿಕೆ ಸರಿಯಾಗಿ ನಡೆಯುತ್ತಿದೆ ಎಂಬ ಭರವಸೆಯೇ ತಾನು ಎಣಿಸಬೇಕಾದ ಹೊಣೆಯಿಂದ ಅವನನ್ನು ಬಿಡಿಸಿಬಿಟ್ಟಿದೆ.

ನಳನು ಕೊನೆಗೆ ಮತ್ತೆ ಜೂಜಾಡಿಯೇ ರಾಜ್ಯವನ್ನು ಮರಳಿ ಪಡೆದನಲ್ಲ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಅದಕ್ಕೆ ಉತ್ತರ ಕಥೆಯ ಮುಂದಿನ ಭಾಗದಲ್ಲೇ ಇದೆ. ಗೆದ್ದ ನಳನು ಪುಷ್ಕರನನ್ನು ಕ್ಷಮಿಸಿ, ಅವನ ಪಾಲಿನ ಸಂಪತ್ತನ್ನು ಅವನಿಗೇ ಹಿಂದಿರುಗಿಸಿ, ಗೌರವದಿಂದ ಕಳುಹಿಸಿಕೊಡುತ್ತಾನೆ. ಎಣಿಕೆಯ ಹೃದಯವನ್ನು ಬಲ್ಲವನು ಗೆಲುವನ್ನು ಇಟ್ಟುಕೊಳ್ಳಲಾರದವನಾದನು. ಗೆದ್ದವನಿಗೆ ಸೋತವನ ಮುಖ ಕಂಡಿತ್ತು ಎಂಬುದರಿಂದ ಇದು ಸಾಧ್ಯವಾಯಿತು. ಟೋಟಿನ ಪೂಲಿನಲ್ಲಿ ಸೋತವರ ಹಣ ಮುಖವಿಲ್ಲದ ಮೊತ್ತವಾಗಿ ಕರಗಿಹೋಗುವುದರಿಂದ, ಹಿಂದಿರುಗಿಸಬೇಕೆಂಬ ಮನಸ್ಸು ಹುಟ್ಟಿದರೂ ಹಿಂದಿರುಗಿಸಲು ಯಾರೂ ಸಿಗುವುದಿಲ್ಲ.

ದಂಡಿನ ನಾಲ್ಕು ದಿಕ್ಕಿನ ಉತ್ತರಗಳು

ದಂಡಿನ ಬೀದಿಗಳಲ್ಲಿ ನೆರೆಹೊರೆಯಾಗಿರುವ ಮತಗಳು ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವುದಿಲ್ಲ, ಆದರೆ ಅವುಗಳ ಭಿನ್ನತೆಯಲ್ಲಿ ಕಲಿಯಬೇಕಾದದ್ದಿದೆ. ಶಿವಾಜಿನಗರದ ಮಸೀದಿಗಳಲ್ಲಿ ಪಾಠವಾಗುವ ಕುರಾನು ಜೂಜನ್ನು ಮೈಸಿರ್ ಎಂಬ ಹೆಸರಿನಿಂದ, ಮದ್ಯದ ಜೊತೆಯಲ್ಲಿಟ್ಟು, ನಿಷೇಧಿಸುತ್ತದೆ. ಅದರಲ್ಲಿ ಜನರಿಗೆ ಕೆಲವು ಲಾಭಗಳಿದ್ದರೂ ಕೇಡೇ ಹೆಚ್ಚೆಂಬುದು ಅದರ ವಿವೇಚನೆ. ಆದರೂ ಇಸ್ಲಾಮೀ ನ್ಯಾಯಶಾಸ್ತ್ರ ಕುದುರೆಯ ಓಟವನ್ನೇ ತಳ್ಳಿಹಾಕಲಿಲ್ಲ: ಓಟದಲ್ಲಿ ಗೆದ್ದ ಸವಾರನಿಗೆ ಹೊರಗಿನವರೊಬ್ಬರು ಬಹುಮಾನ ಕೊಡಬಹುದು, ಸ್ಪರ್ಧಿಗಳು ಪರಸ್ಪರ ಪಣ ಒಡ್ಡಿ ಒಬ್ಬರ ಹಣವನ್ನು ಇನ್ನೊಬ್ಬರು ತಿನ್ನಬಾರದು ಎಂಬ ಗೆರೆಯನ್ನು ಅದು ಎಳೆಯಿತು. ಸೇಂಟ್ ಮೇರಿ ಬೆಸಿಲಿಕಾ ಪ್ರತಿನಿಧಿಸುವ ಕ್ಯಾಥೊಲಿಕ್ ಬೋಧನೆ ಅದೃಷ್ಟದಾಟವನ್ನು ತನ್ನಷ್ಟಕ್ಕೇ ನ್ಯಾಯವಿರೋಧಿ ಎನ್ನುವುದಿಲ್ಲ. ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದದ್ದನ್ನು ಅದು ಕಸಿಯುವಾಗ, ಅಥವಾ ಅದರ ಹಂಬಲ ಮನುಷ್ಯನನ್ನು ದಾಸನನ್ನಾಗಿ ಮಾಡುವಾಗ, ಅದನ್ನು ತಪ್ಪೆಂದು ಹೇಳುತ್ತದೆ. ಜೈನರು ತ್ಯಜಿಸಬೇಕಾದ ಸಪ್ತವ್ಯಸನಗಳ ಪಟ್ಟಿ ಜೂಜಿನಿಂದಲೇ ಮೊದಲಾಗುತ್ತದೆ, ಏಕೆಂದರೆ ಉಳಿದ ವ್ಯಸನಗಳಿಗೆ ಅದು ಬಾಗಿಲು ತೆರೆಯುತ್ತದೆ. ಶೈವ ಪುರಾಣಗಳಲ್ಲಿ ಶಿವಪಾರ್ವತಿಯರೇ ಪಗಡೆಯಾಡುತ್ತಾರೆ, ಮತ್ತು ಬಲಿಪಾಡ್ಯಮಿಗೆ ದ್ಯೂತಪ್ರತಿಪದೆ ಎಂಬ ಇನ್ನೊಂದು ಹೆಸರೇ ಇದೆ. ಅಲ್ಲಿ ಜೂಜಿಗೆ ವರ್ಷದಲ್ಲಿ ಒಂದು ದಿನದ ಎಡೆಯಿದೆ, ಮತ್ತು ಆ ಒಂದು ದಿನವೇ ಅದರ ಮೇರೆಯೂ ಹೌದು.

ಈ ಎಲ್ಲ ಉತ್ತರಗಳಲ್ಲಿ ಒಂದು ಸಮಾನ ಅಂಶವಿದೆ. ಯಾವುದೊಂದೂ ಆಟದ ಲೆಕ್ಕ ಸರಿಯಿತ್ತೇ ಎಂದು ಕೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಹಣ ಎಲ್ಲಿಂದ ಬಂತು, ಯಾರ ಹೊಟ್ಟೆಯಿಂದ ಬಂತು, ಮನಸ್ಸನ್ನು ಏನು ಮಾಡಿತು, ಎಲ್ಲಿ ನಿಂತಿತು ಎಂಬವು ಅವುಗಳ ಪ್ರಶ್ನೆಗಳು. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಅತ್ಯಂತ ನಿಖರವಾಗಿ ಎತ್ತಿದವರು 12ನೆಯ ಶತಮಾನದ ಶರಣರು. ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿ ಕೆಲಸ ಆರಂಭಿಸಿ ಬಿಜ್ಜಳನ ಭಂಡಾರಿಯಾದವರು. ಲೆಕ್ಕವೇ ಅವರ ಕಾಯಕವಾಗಿತ್ತು. ಲೆಕ್ಕದ ಶುದ್ಧಿ ಎಷ್ಟು ಮುಖ್ಯವೆಂದು ಬಲ್ಲ ಆ ಮನುಷ್ಯನ ಸುತ್ತ ಬೆಳೆದ ಸಮುದಾಯ, ಗಳಿಕೆಯ ಶುದ್ಧಿಯನ್ನು ಲೆಕ್ಕದಲ್ಲಿ ಇರಿಸದೆ ಕಾಯಕದಲ್ಲಿ, ಅಂದರೆ ಮೈಮುರಿದು ಮಾಡಿದ ಕೆಲಸದಲ್ಲಿ, ಮತ್ತು ಅದರ ಫಲವನ್ನು ಹಂಚಿ ಉಣ್ಣುವ ದಾಸೋಹದಲ್ಲಿ ಇರಿಸಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ಆ ಅಕ್ಕಿ ಕದ್ದದ್ದಲ್ಲ, ಅದರ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಅದು ಅಗತ್ಯಕ್ಕೆ ಮೀರಿತ್ತು, ಅಷ್ಟೆ. 10 ರೂಪಾಯಿಯಿಂದ ಲಕ್ಷವನ್ನು ಬಯಸುವ ಜಾಕ್‌ಪಾಟಿನ ಮನಸ್ಸಿಗೆ ಲಕ್ಕಮ್ಮನ ಅಳತೆಗಿಂತ ಕಠಿಣವಾದ ಅಳತೆ ಇನ್ನೊಂದಿಲ್ಲ.

ಚಿತ್ರಗುಪ್ತನ ಕಡತ

ಬಾಜಿಯ ಲೆಕ್ಕ ಕಾನೂನಿನ ಮುಂದೆಯೂ ಬಂದು ನಿಂತದ್ದುಂಟು, ಮತ್ತು ಅದರ ಒಂದು ಮುಖ್ಯ ಪ್ರಸಂಗ ಬೆಂಗಳೂರಿನಿಂದಲೇ ಹೊರಟದ್ದು. ಇಲ್ಲಿ ಅಚ್ಚಾಗುತ್ತಿದ್ದ ‘ದಿ ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ನಡೆಯುತ್ತಿದ್ದ ಪದಬಂಧದ ಬಹುಮಾನ ಸ್ಪರ್ಧೆಗೆ ಮುಂಬಯಿ ರಾಜ್ಯ ತೆರಿಗೆ ಹಾಕಿದಾಗ ಹುಟ್ಟಿದ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ, 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ಸ್ಮೃತಿಗಳನ್ನೂ ನೆನೆದು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲವೆಂದು ತೀರ್ಪಿತ್ತರು. ರೇಸಿನ ಬಾಜಿಗೆ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ, ಪೂಲಿಗೆ ಬಿದ್ದ ಪೂರ್ಣ ಹಣ ಕ್ಲಬ್ಬಿನದೇ ಅಥವಾ ಗೆದ್ದವರಿಗೆ ಹಂಚುವವರೆಗೆ ಅದು ನಂಬಿಕೆಯ ಇಡುಗಂಟೇ ಎಂಬ ಪ್ರಶ್ನೆ ಎದ್ದಿತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಇಡುಗಂಟಿನ ವಾದವನ್ನು ಒಪ್ಪಿ, ಕಮಿಷನ್ನಿಗೆ ಮಾತ್ರ ತೆರಿಗೆ ಸಲ್ಲುತ್ತದೆ ಎಂದಿತು, ಬಳಿಕ 2023ರಲ್ಲಿ ಶಾಸನವೇ ತಿದ್ದುಪಡಿಯಾಗಿ ಕಟ್ಟಿದ ಪೂರ್ಣ ಮೊತ್ತ ತೆರಿಗೆಗೆ ಒಳಪಟ್ಟಿತು. ಯಂತ್ರ ಎಷ್ಟೇ ನಿಖರವಾಗಿ ಎಣಿಸಿದರೂ, ಎಣಿಸಿದ ಹಣ ಯಾರದು ಎಂಬುದನ್ನು ಅದು ಹೇಳಲಾರದು ಎಂಬುದಕ್ಕೆ ಈ ವ್ಯಾಜ್ಯ ಸಾಕ್ಷಿ. ಲಾಟರಿಯಲ್ಲಂತೂ ಕೌಶಲದ ವಾದಕ್ಕೂ ಎಡೆಯಿರಲಿಲ್ಲ. ಕರ್ನಾಟಕ 2007ರಲ್ಲಿ ಅದನ್ನು ನಿಷೇಧಿಸಿತು.

ದಾಖಲೆಗೆ ನಮ್ಮ ಪರಂಪರೆಯಲ್ಲಿ ಒಬ್ಬ ದೇವತೆಯೇ ಇದ್ದಾನೆ. ಅವನು ಯಮನ ಕರಣಿಕ ಚಿತ್ರಗುಪ್ತ. ಅವನ ಕಡತಕ್ಕೂ ಟೋಟಿನ ಕಂಪ್ಯೂಟರಿಗೂ ಇರುವ ವ್ಯತ್ಯಾಸವನ್ನು ಒಂದು ಟಿಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿ ತಿಳಿಯಬಹುದು. ಆ ಸಣ್ಣ ಚೀಟಿಯಲ್ಲಿ ರೇಸಿನ ಸಂಖ್ಯೆ, ಕುದುರೆಯ ಸಂಖ್ಯೆ, ಬಾಜಿಯ ಬಗೆ, ಮೊತ್ತ ಇವೆ, ಕಟ್ಟಿದವನ ಹೆಸರಿಲ್ಲ. ಆ ಹಣ ಸಂಬಳದ ಉಳಿತಾಯವೋ, ಮಗಳ ಶಾಲೆಯ ಫೀಸೋ, ಕೈಸಾಲವೋ ಎಂಬುದನ್ನು ಹೇಳುವ ಜಾಗ ಅದರಲ್ಲಿಲ್ಲ, ಕಂಪ್ಯೂಟರಿನ ನೆನಪಿನಲ್ಲಿಯೂ ಇಲ್ಲ. ಚಿತ್ರಗುಪ್ತನು ಬರೆಯುವುದು ಯಂತ್ರ ಬಿಟ್ಟದ್ದನ್ನು: ಮಾಡಿದವನು ಯಾರು, ಯಾವ ಮನಸ್ಸಿನಿಂದ ಮಾಡಿದನು, ಅದರಿಂದ ನೊಂದವರು ಯಾರು. ಒಂದರ ದಾಖಲೆ ಮೊತ್ತದ್ದು, ಇನ್ನೊಂದರ ದಾಖಲೆ ಮನುಷ್ಯನದ್ದು. ಮೊದಲನೆಯದು ಪೂರ್ಣವಾಗಿದೆ ಎಂಬ ಕಾರಣಕ್ಕೆ ಎರಡನೆಯದೂ ಮುಗಿದಿದೆ ಎಂದು ತಿಳಿಯುವುದೇ ಈ ಕಾಲದ ಭ್ರಮೆ.

ಪಶ್ಚಿಮದಲ್ಲಿ ಈ ಎರಡು ದಾಖಲೆಗಳನ್ನೂ ಒಬ್ಬನೇ ಮನುಷ್ಯ ಹೊತ್ತದ್ದುಂಟು. ತೆರಿಗೆ ಲೆಕ್ಕದಲ್ಲಿ ಬೇಯುತ್ತಿದ್ದ ತಂದೆಗೆ ನೆರವಾಗಲೆಂದು 1642ರಲ್ಲಿ ಕೂಡುವ ಯಂತ್ರ ಕಟ್ಟಲು ತೊಡಗಿದ ಬ್ಲೇಸ್ ಪ್ಯಾಸ್ಕಲ್, 1654ರಲ್ಲಿ ಗಣಿತಜ್ಞ ಫರ್ಮಾನೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಅರ್ಧಕ್ಕೆ ನಿಂತ ಜೂಜಿನ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂದು ಹುಡುಕುತ್ತ ಸಂಭಾವ್ಯತೆಯ ಗಣಿತಕ್ಕೆ ಅಡಿಪಾಯ ಹಾಕಿದನು. ಅದೇ ವರ್ಷ ಧರ್ಮದ ಕಡೆಗೆ ಪೂರ್ತಿಯಾಗಿ ಹೊರಳಿ, ದೇವರ ಅಸ್ತಿತ್ವದ ಮೇಲೆ ಬಾಳನ್ನೇ ಪಣವಾಗಿ ಒಡ್ಡುವ ವಾದವನ್ನು ಮುಂದೆ ಬರೆದಿಟ್ಟನು. ಲೆಕ್ಕಯಂತ್ರ, ಜೂಜಿನ ಗಣಿತ, ಶ್ರದ್ಧೆ ಮೂರೂ ಅವನಲ್ಲಿ ಒಂದೇ ಹುಡುಕಾಟದ ಹೆಜ್ಜೆಗಳಾಗಿದ್ದವು. ಯಂತ್ರ ಮುಗಿಸಿದ ಲೆಕ್ಕದ ಆಚೆಗೆ ಮನುಷ್ಯನು ತಾನೇ ಮಾಡಬೇಕಾದ ಲೆಕ್ಕ ಉಳಿದಿರುತ್ತದೆ ಎಂಬುದನ್ನು ಅವನು ಮರೆಯಲಿಲ್ಲ.

ಆದ್ದರಿಂದ ಟೋಟಿನಂಥ ನಿಷ್ಠಾವಂತ ಯಂತ್ರವನ್ನು ಧರ್ಮವಿಚಾರ ಹಗೆಯೆಂದು ಕಾಣಬೇಕಾಗಿಲ್ಲ. ಬಿಷಪ್ಪನ ಮಗ ಕಟ್ಟಿದ ಆ ಎಣಿಕೆ ಬಾಜಿಯಿಂದ ಸುಳ್ಳನ್ನು ತೊಳೆಯಿತು, ಮತ್ತು ಸುಳ್ಳು ಹೋದ ಮೇಲೆ ಉಳಿದದ್ದೇನೆಂದು ಬಯಸಿದವರೆಲ್ಲ ನೋಡುವಂತೆ ಮಾಡಿತು. ಇದು ಸಣ್ಣ ಉಪಕಾರವಲ್ಲ. ಹಿಂದಿನ ಕಾಲದ ವರ್ತಕರು, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಾಡಿದ ಕಡತದ ಮೇಲೆ, ಸಂಜೆ ದೀಪದ ಬೆಳಕಿನಲ್ಲಿ ಬಳಪ ಹಿಡಿದು ಅಂದಂದಿನ ಬಂದದ್ದು ಹೋದದ್ದನ್ನು ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ಬಾಜಿ ಕಟ್ಟುವವನೂ ತನ್ನ ಮನೆಯಲ್ಲಿ ಅಂಥದೊಂದು ಲೆಕ್ಕವನ್ನು ವರ್ಷದುದ್ದಕ್ಕೂ ಬರೆದಿಟ್ಟರೆ, ಯಂತ್ರ ಇಡೀ ಸಮೂಹದ ಬಗ್ಗೆ ಹೇಳುವ ಸತ್ಯ ಅವನ ಪಾಲಿಗೂ ಅಕ್ಷರರೂಪದಲ್ಲಿ ಕಾಣಬಹುದು. ಋತುಪರ್ಣನು ಮರದ ಎಣಿಕೆಯನ್ನು ಹೇಳಿದಾಗ ನಳನು ಅದನ್ನು ಕೇಳಿ ತಲೆದೂಗಿ ರಥವನ್ನು ಮುಂದಕ್ಕೆ ಓಡಿಸಲಿಲ್ಲ. ಹೊತ್ತು ಮೀರುತ್ತದೆ ಎಂದು ರಾಜನು ಅವಸರಪಡಿಸಿದರೂ ಕುದುರೆಗಳನ್ನು ನಿಲ್ಲಿಸಿ, ಕೆಳಗಿಳಿದು, ಮರವನ್ನು ಕಡಿದು ಕಾಯಿಗಳನ್ನು ತಾನೇ ಎಣಿಸಿದನು. ಕಲಿ ಅವನನ್ನು ಬಿಟ್ಟುಹೋದದ್ದು ಅದಾದ ಮೇಲೆ.